ನೇರಳೆಯಾದ ನೀಲಿ: ಬಣ್ಣದ ಮುದ್ರಣದ ಒಂದು ಹಳೆಯ ತೊಡಕು

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಪುಸ್ತಕದ ಕಪಾಟಿನಲ್ಲಿ 2004ರ ನಮ್ಮ ಶಾಲೆಯ ಸ್ಮರಣ ಸಂಚಿಕೆಯನ್ನು ಕಂಡು, "ಸಾರ್, ನಮ್ಮ ಶಾಲೆಯ ಧ್ವಜ ನೀಲಿ ಅಲ್ಲವೇ? ಇದರ ಮೇಲೆ ನೇರಳೆ ಇದೆಯಲ್ಲ" ಎಂದು ಕೇಳಿದಳು. ಆಕೆ ನಗುತ್ತ ಕೇಳಿದ ಪ್ರಶ್ನೆಯದು. ನನಗೆ ಮಾತ್ರ ನಗು ಬರಲಿಲ್ಲ. ಆ ಸಂಚಿಕೆಯ ಸಂಪಾದಕ ನಾನೇ ಆಗಿದ್ದೆ. ಮುಖಪುಟ ಕೆಟ್ಟದ್ದಕ್ಕೆ ಮುದ್ರಣಾಲಯದವನನ್ನು ಸಮಿತಿಯ ಎಲ್ಲರೆದುರು ಬೈದವನೂ ನಾನೇ. ನನ್ನ ಮಾತನ್ನು ನಂಬಿ ಸಮಿತಿಯವರು ಅವನ ಬಿಲ್ಲಿನಲ್ಲಿ ಮೂರು ಸಾವಿರ ರೂಪಾಯಿ ಹಿಡಿದರು. ಚಿಕ್ಕ ಊರಿನ ಚಿಕ್ಕ ಮುದ್ರಣಾಲಯಕ್ಕೆ ಆಗ ಅದು ಸಣ್ಣ ಮೊತ್ತವಾಗಿರಲಿಲ್ಲ.

ತಪ್ಪು ಯಾರದೆಂದು ಹುಡುಕುತ್ತ ಹೋದರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಇತಿಹಾಸದ ಮೇಷ್ಟರ ಚಪಲವೆಂದು ಕ್ಷಮಿಸಿ ಓದಿರಿ.

1667ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಯಾಕೊಬ್ ಕ್ರಿಸ್ಟಾಫ್ ಲೆ ಬ್ಲಾನ್ ಎಂಬ ಚಿತ್ರಕಾರನಿದ್ದ. ಕೆಂಪು, ಹಳದಿ, ನೀಲಿ ಈ ಮೂರೇ ಬಣ್ಣಗಳಿಂದ ಕಣ್ಣಿಗೆ ಕಾಣುವ ಎಲ್ಲ ವರ್ಣಗಳನ್ನೂ ಮುದ್ರಿಸಬಹುದೆಂದು ಅವನು ನಂಬಿದ್ದ. ಒಂದು ಚಿತ್ರಕ್ಕೆ ಮೂರು ತಾಮ್ರದ ಫಲಕಗಳು. ಒಂದೊಂದಕ್ಕೂ ಒಂದೊಂದು ಶಾಯಿ. ಒಂದರ ಮೇಲೊಂದು ಒತ್ತಿದಾಗ ಚಿತ್ರ ಪೂರ್ಣವಾಗುತ್ತಿತ್ತು. ಮುಂದೆ ನಾಲ್ಕನೆಯದಾಗಿ ಕಪ್ಪು ಫಲಕವನ್ನೂ ಬಳಸಿದ. ಯಾವ ಕೆನ್ನೆಯಲ್ಲಿ ಎಷ್ಟು ಕೆಂಪಿದೆ, ಎಷ್ಟು ಹಳದಿಯಿದೆ ಎಂಬ ವಿಭಜನೆ ಯಾವ ಯಂತ್ರದ ನೆರವೂ ಇಲ್ಲದೆ ಅವನ ಕಣ್ಣು ಮತ್ತು ಮನಸ್ಸಿನಲ್ಲೇ ನಡೆಯಬೇಕಾಗಿತ್ತು. 1719ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜಾರ್ಜನಿಂದ ಸನ್ನದು ಪಡೆದು ಲಂಡನ್ನಿನಲ್ಲಿ ಕಂಪನಿ ತೆರೆದ. ಕಂಪನಿ ನಷ್ಟದಲ್ಲಿ ಮುಳುಗಿತು. ಕೊನೆಗೆ ಪ್ಯಾರಿಸ್ ಸೇರಿ 1741ರಲ್ಲಿ ಅಲ್ಲಿಯೇ ತೀರಿಕೊಂಡ.

ವ್ಯಾಪಾರದಲ್ಲಿ ಸೋತ ಈ ಮನುಷ್ಯ 'ಕೊಲೊರಿಟ್ಟೊ' ಎಂಬ ಚಿಕ್ಕ ಪುಸ್ತಕ ಬರೆದಿಟ್ಟು ಹೋದ. ಅದರಲ್ಲಿ ಅವನು ಬಣ್ಣಗಳನ್ನು ಎರಡು ಜಾತಿಯಾಗಿ ವಿಂಗಡಿಸುತ್ತಾನೆ. ಚಿತ್ರಕಾರನ ಕೈಯಲ್ಲಿರುವ ಬಣ್ಣ, ಅಂದರೆ ದ್ರವ್ಯದ ಬಣ್ಣ ಒಂದು. ನ್ಯೂಟನ್ 1704ರ ತನ್ನ ಗ್ರಂಥದಲ್ಲಿ ವಿವರಿಸಿದ, ಮುಟ್ಟಲಾಗದ ಬೆಳಕಿನ ಬಣ್ಣ ಇನ್ನೊಂದು. ದ್ರವ್ಯದ ಬಣ್ಣಗಳೆಲ್ಲ ಕೂಡಿದರೆ ಕಪ್ಪು, ಬೆಳಕಿನ ಬಣ್ಣಗಳೆಲ್ಲ ಕೂಡಿದರೆ ಬಿಳಿ. ನನ್ನ ಮುಖಪುಟ ಎಡವಿದ್ದು ನೇರವಾಗಿ ಈ ಗೆರೆಯ ಮೇಲೆಯೇ.

ಬೆಳಕಿನ ಬಣ್ಣದ ಕಥೆಗೆ ಬರೋಣ. 1861ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಪ್ರಯೋಗ ತೋರಿಸಿದರು. ಚೌಕಳಿ ಬಟ್ಟೆಯ ಒಂದು ರಿಬ್ಬನ್ನಿನ ಫೋಟೋವನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಮೂರು ಸಲ ತೆಗೆಸಿ, ಅದೇ ಬಣ್ಣದ ಮೂರು ದೀಪಗಳಿಂದ ತೆರೆಯ ಮೇಲೆ ಒಂದಾಗಿಸಿದಾಗ ರಿಬ್ಬನ್ನು ವರ್ಣಮಯವಾಗಿ ಮೂಡಿತು. ಇದರಲ್ಲೊಂದು ಸ್ವಾರಸ್ಯವಿದೆ. ಆ ಕಾಲದ ಫೋಟೋ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಿದ್ದೂ ಪ್ರಯೋಗ ಫಲಿಸಿದ್ದು ಹೇಗೆ? ನೂರು ವರ್ಷಗಳ ಬಳಿಕ, 1961ರಲ್ಲಿ ಕೊಡಾಕ್ ಸಂಸ್ಥೆಯ ಸಂಶೋಧಕರು ಉತ್ತರ ಕಂಡುಕೊಂಡರು: ಕೆಂಪು ಬಟ್ಟೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಹೊರಚೆಲ್ಲಿತ್ತು, ಆ ಕಿರಣಗಳು ಕೆಂಪು ಶೋಧಕವನ್ನು ದಾಟಿ ಬಂದಿದ್ದವು. ಮ್ಯಾಕ್ಸ್‌ವೆಲ್ಲರ ಸಿದ್ಧಾಂತ ಸರಿ, ಸಾಕ್ಷ್ಯ ಮಾತ್ರ ಅದೃಷ್ಟದ್ದು! ಇಂದು ನಿಮ್ಮ ಮೊಬೈಲಿನ ಪರದೆ ಅದೇ ಮೂರು ಬೆಳಕುಗಳಿಂದ ಉರಿಯುತ್ತಿದೆ.

ಬೆಳಕಿನಿಂದ ಶಾಯಿಗೆ ದಾರಿ ತೋರಿದವರು ಫ್ರಾನ್ಸಿನ ಲೂಯಿ ದ್ಯುಕೊ ದ್ಯು ಹೊರೊನ್ ಮತ್ತು ಶಾರ್ಲ್ ಕ್ರೊ. ಇಬ್ಬರೂ ಬೇರೆ ಬೇರೆಯಾಗಿ ಯೋಚಿಸಿ 1869ರಲ್ಲಿ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ಕೆಂಪು ಬೆಳಕನ್ನು ನುಂಗುವ ಶಾಯಿ ಒಂದು, ಹಸಿರನ್ನು ನುಂಗುವುದೊಂದು, ನೀಲಿಯನ್ನು ನುಂಗುವುದೊಂದು. ಇವನ್ನೇ ಇಂದು ಸಯಾನ್, ಮೆಜೆಂಟಾ, ಹಳದಿ ಎನ್ನುತ್ತೇವೆ. ಪರದೆ ಬೆಳಕನ್ನು ಕೊಡುತ್ತದೆ. ಕಾಗದದ ಮೇಲಿನ ಶಾಯಿ ಬೆಳಕನ್ನು ಕಿತ್ತುಕೊಳ್ಳುತ್ತದೆ.

ನಮ್ಮ ದೇಶದ ಮಾತನ್ನೂ ಹೇಳಬೇಕು. ನನ್ನ ಅಜ್ಜಿಯ ಮನೆಯ ನಡುಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಪಟವಿತ್ತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಬಳಿಕ ಲೋಣಾವಳದ ಬಳಿಯ ಮಳವಲಿಗೆ ಹೋದ ಆ ಮುದ್ರಣಾಲಯದಲ್ಲಿ ಒಂದೊಂದು ವರ್ಣಕ್ಕೂ ಒಂದೊಂದು ಕಲ್ಲನ್ನು ಬಳಸುತ್ತಿದ್ದರು. ಮೂರು ನಾಲ್ಕು ಶಾಯಿಗಳ ಜಿಪುಣತನ ಅಲ್ಲಿರಲಿಲ್ಲ, ಆದ್ದರಿಂದ ಆ ಸೀರೆಯ ಕೆಂಪಿಗೆ ಅಂಥ ಮೈಬಣ್ಣ. ಕಲ್ಕತ್ತೆಯ ಉಪೇಂದ್ರಕಿಶೋರ ರೇ (ಸತ್ಯಜಿತ್ ರೇ ಅವರ ಅಜ್ಜ) ತಮ್ಮ ಮಕ್ಕಳ ರಾಮಾಯಣದ ಚಿತ್ರಗಳು ಮರದಚ್ಚಿನಲ್ಲಿ ಕೆಟ್ಟದ್ದನ್ನು ಕಂಡು ನೊಂದು, ಇಂಗ್ಲೆಂಡಿನಿಂದ ಸಲಕರಣೆ ತರಿಸಿ, ಚುಕ್ಕೆಗಳ ಮೂಲಕ ಚಿತ್ರ ಮುದ್ರಿಸುವ ವಿದ್ಯೆಯನ್ನು ತಾವೇ ಕಲಿತರು. ಅದರ ಬಗ್ಗೆ ಅವರು ಬರೆದ ಲೇಖನಗಳನ್ನು ಲಂಡನ್ನಿನ ಪೆನ್‌ರೋಸ್ ವಾರ್ಷಿಕ ಸಂಚಿಕೆ ಪ್ರಕಟಿಸಿತು. ತಮ್ಮ ಚಿತ್ರ ಕೆಟ್ಟಾಗ ಅವರು ಕಲಿಯಲು ಕುಳಿತರು. ನಾನು ಬೈಯಲು ನಿಂತೆ.

ನಾನು ಮಾಡಿದ್ದೇನೆಂದರೆ, ಕಂಪ್ಯೂಟರಿನಲ್ಲಿ ಧ್ವಜದ ಚೌಕಕ್ಕೆ ಪರದೆಯ ಅತಿ ಉಜ್ವಲ ನೀಲಿಯನ್ನು ತುಂಬಿಸಿದ್ದೆ: ಕೆಂಪು 0, ಹಸಿರು 0, ನೀಲಿ 255. ಅದು ಶುದ್ಧ ಬೆಳಕಿನ ಬಣ್ಣ. ನಾಲ್ಕು ಶಾಯಿಗಳ ಶಕ್ತಿಗೆ ಮೀರಿದ್ದು. ಮುದ್ರಣಕ್ಕೆ ಪರಿವರ್ತಿಸುವಾಗ ತಂತ್ರಾಂಶ ತನ್ನ ಕೈಲಾದಷ್ಟು ಮಾಡುತ್ತದೆ. ಸಯಾನಿನ ಜೊತೆ ಹೆಚ್ಚು ಕಡಿಮೆ ಅಷ್ಟೇ ಮೆಜೆಂಟಾ ಸುರಿಯುತ್ತದೆ. ಕಾಗದದ ಮೇಲೆ ಆ ಜೋಡಿ ನೇರಳೆಗೆ ವಾಲುತ್ತದೆ. ನೀಲಿ ನೀಲಿಯಾಗಿಯೇ ಉಳಿಯಬೇಕಾದರೆ ಮೊದಲೇ ಶಾಯಿಯ ಲೆಕ್ಕದಲ್ಲಿ ಬಣ್ಣ ಆರಿಸಿ, ಮೆಜೆಂಟಾವನ್ನು ಸಯಾನಿಗಿಂತ ಶೇಕಡಾ 30ರಷ್ಟಾದರೂ ಕೆಳಗಿಡಬೇಕು ಎಂಬುದು ಮುದ್ರಕರ ಪಾಠ.

ಒಳಪುಟದ್ದು ಇನ್ನೊಂದು ಅವಾಂತರ. ಮುಖ್ಯೋಪಾಧ್ಯಾಯರ ಸಂದೇಶದ ಅಕ್ಷರಗಳಿಗೆ ಕೆಂಪು ನೀಲಿ ಅಂಚು ಮೂಡಿ, ಓದಿದವರಿಗೆ ಕಣ್ಣು ಮಂಜಾದಂತಾಗಿತ್ತು. ಪರದೆಯ ಕಪ್ಪು ಪರಿವರ್ತನೆಯಲ್ಲಿ ನಾಲ್ಕು ಶಾಯಿಗಳಾಗಿ ಒಡೆದುಹೋಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ನಮ್ಮ ಒತ್ತಕ್ಷರಗಳು, ಸೊನ್ನೆಗಳು ತುಂಬಿಕೊಂಡು ಹೋಗುತ್ತವೆ. ಅಕ್ಷರಕ್ಕೆ ಕಪ್ಪು ಶಾಯಿ ಒಂದೇ, ಶೇಕಡಾ ನೂರು, ಇರಬೇಕು. ಇದನ್ನೂ ಸರಿಪಡಿಸಬೇಕಾಗಿದ್ದವನು ಕಡತ ಸಿದ್ಧಪಡಿಸಿದ ನಾನೇ.

ಇದಕ್ಕೆ ಪರಿಹಾರ ಆಗಲೇ ಇತ್ತು. 1993ರಲ್ಲಿ ಕೆಲವು ದೊಡ್ಡ ಕಂಪನಿಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವೊಂದನ್ನು ಕಟ್ಟಿಕೊಂಡಿದ್ದವು. ಒಂದೊಂದು ಸಾಧನವೂ ಬಣ್ಣವನ್ನು ಹೇಗೆ ತೋರಿಸುತ್ತದೆಂಬ ವಿವರದ ಚೀಟಿಯನ್ನು, ಅವರ ಭಾಷೆಯಲ್ಲಿ ಪ್ರೊಫೈಲ್ ಅನ್ನು, ಕಡತಕ್ಕೆ ಅಂಟಿಸುವ ವ್ಯವಸ್ಥೆ ಅದು. ಚೀಟಿ ಇಲ್ಲದ ಕಡತ ವಿಳಾಸವಿಲ್ಲದ ಕಾಗದದಂತೆ. ನಾನು ಸಿ.ಡಿ.ಯಲ್ಲಿ ಕೊಟ್ಟದ್ದು ಅಂಥದ್ದೇ. ಆದರೂ ಆ ಹುಡುಗ, "ಸಾರ್, ಒಂದು ಬಣ್ಣದ ಪ್ರೂಫ್ ತೆಗೆದು ನೋಡೋಣವೇ?" ಎಂದು ಕೇಳಿದ್ದ. ಸಮಾರಂಭಕ್ಕೆ ಐದೇ ದಿನ ಉಳಿದಿತ್ತು. ಬೇಡವೆಂದೆ.

ಇದೆಲ್ಲ ನನಗೆ ತಿಳಿದದ್ದು ನಿವೃತ್ತಿಯ ನಂತರ, ಮಗಳ ಮದುವೆಯ ಲಗ್ನಪತ್ರಿಕೆ ಮಾಡಿಸುವಾಗ, ಬೇರೊಂದು ಮುದ್ರಣಾಲಯದ ವಿನ್ಯಾಸಕಿ ಇದೇ ನೀಲಿಯನ್ನು ನೋಡಿ, "ಅಂಕಲ್, ಇದು ನೇರಳೆ ಬರುತ್ತದೆ" ಎಂದಾಗ. ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೆಯ ಮುದ್ರಣಾಲಯ ಮುಚ್ಚಿತ್ತು. ವಿಚಾರಿಸಿ ಹೋದಾಗ ಅವನು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ತಲೆ ನರೆತಿತ್ತು. ನಾನು ವಿಷಯ ಹೇಳಿ, ಮೂರು ಸಾವಿರದ ಲಕೋಟೆಯನ್ನು ಮುಂದೆ ಇಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತೇ ನನಗೆ ಗೊತ್ತಿತ್ತು ಸಾರ್. ಮೇಷ್ಟರಿಗೆ ಎಲ್ಲರೆದುರು ಹೇಗೆ ಹೇಳಲಿ ಅಂತ ಸುಮ್ಮನಾದೆ" ಎಂದ. ಲಕೋಟೆಯನ್ನು ತೆಗೆದುಕೊಂಡ. ಆಮೇಲೆ ಹುಡುಗನನ್ನು ಕಳಿಸಿ ಎರಡು ಕಾಫಿ ತರಿಸಿದ.