ಆಲ್‌ಝೈಮರ್ ಕಾಯಿಲೆ ಮತ್ತು ಯೀಸ್ಟ್ ಕೋಶಗಳ ಸಂಶೋಧನೆ: ಸಾರ್ವಜನಿಕರಿಗೆ ಮಾಹಿತಿ

ವೃದ್ಧಾಪ್ಯದ ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಸಂಬಂಧಿಸಿದ ಪ್ರೋಟೀನುಗಳನ್ನು ಯೀಸ್ಟ್ ಕೋಶಗಳಲ್ಲಿ ಅಧ್ಯಯನ ಮಾಡಲಾಗುತ್ತಿದೆ. ಇದು ಪ್ರಯೋಗಾಲಯದ ಸಂಶೋಧನಾ ವಿಧಾನವೇ ಹೊರತು ರೋಗಪತ್ತೆ ಪರೀಕ್ಷೆಯಾಗಲೀ ಔಷಧಿಯಾಗಲೀ ಅಲ್ಲವೆಂದು ಹೆಗ್ಗಡದೇವನಕೋಟೆ ತಾಲ್ಲೂಕು ಹಂಪಾಪುರ ಹೋಬಳಿಯ ನಾಗರಿಕರಿಗೆ ತಿಳಿಯಪಡಿಸಲಾಗಿದೆ.

ಯೀಸ್ಟ್ ಎಂದರೆ ಬೇಕರಿಯ ಬನ್ನು ಉಬ್ಬಲು ಬಳಸುವ ಏಕಕೋಶ ಜೀವಿ. (ಇಡ್ಲಿ ಹಿಟ್ಟು ಹುದುಗುವುದು ಬಹುಪಾಲು ಬ್ಯಾಕ್ಟೀರಿಯಾಗಳಿಂದ.) ಸುಮಾರು 6,000 ಜೀನುಗಳುಳ್ಳ ಇದರ ಸಂಪೂರ್ಣ ಜೀನೋಮನ್ನು 1996ರಲ್ಲಿಯೇ ಓದಲಾಯಿತು. ಅನುಕೂಲಕರ ವಾತಾವರಣದಲ್ಲಿ ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಪ್ರೋಟೀನನ್ನು ಸರಿಯಾಗಿ ಮಡಿಸುವ, ಸಾಗಿಸುವ ಹಾಗೂ ಕೆಟ್ಟದ್ದನ್ನು ವಿಲೇವಾರಿ ಮಾಡುವ ಇದರ ವ್ಯವಸ್ಥೆಯು ಮಾನವ ಕೋಶದ ವ್ಯವಸ್ಥೆಯನ್ನು ಬಹುಮಟ್ಟಿಗೆ ಹೋಲುತ್ತದೆ.

ರೋಗಿಯ ಮೆದುಳಿನಲ್ಲಿ ನರಕೋಶಗಳ ನಡುವೆ ಅಮೈಲಾಯ್ಡ್-ಬೀಟಾ ಎಂಬ ಪ್ರೋಟೀನ್ ತುಣುಕು ಗಡ್ಡೆಗಟ್ಟುತ್ತದೆ. ಯೀಸ್ಟಿನಲ್ಲಿ ಇದು ಸಹಜವಾಗಿ ಇರುವುದಿಲ್ಲ. ಇದನ್ನು ತಯಾರಿಸುವ ಮಾನವ ಜೀನಿನ ಭಾಗವನ್ನು ವಿಜ್ಞಾನಿಗಳು ಸೇರಿಸಿದಾಗ ಯೀಸ್ಟಿನ ಬೆಳವಣಿಗೆ ಕುಂಠಿತವಾಗುತ್ತದೆ. ನಂತರ ಯೀಸ್ಟಿನ ಸ್ವಂತ ಜೀನುಗಳನ್ನು ಒಂದೊಂದಾಗಿ ಹೆಚ್ಚು ಕೆಲಸ ಮಾಡುವಂತೆ ಮಾಡಿ, ಯಾವುದರಿಂದ ಕೋಶವು ಚೇತರಿಸಿಕೊಳ್ಳುವುದೆಂದು ಪರಿಶೀಲಿಸಲಾಗುತ್ತದೆ. ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡವು 5,500ಕ್ಕೂ ಹೆಚ್ಚು ಜೀನುಗಳನ್ನು ಹೀಗೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಆಗ ದೊರೆತವುಗಳಲ್ಲಿ ಒಂದರ ಮಾನವ ರೂಪವೇ ಪಿಕಾಮ್ ಜೀನು. ಇದಕ್ಕೂ ಆಲ್‌ಝೈಮರ್‌ಗೂ ನಂಟಿರುವುದು ರೋಗಿಗಳ ಅಧ್ಯಯನಗಳಿಂದ 2009ರಲ್ಲಿಯೇ ಕಂಡುಬಂದಿತ್ತು. ಬ್ರೆಡ್ಡಿನ ಯೀಸ್ಟು ಮತ್ತು ಮನುಷ್ಯ ಒಂದೇ ಜೀನನ್ನು ಬೊಟ್ಟು ಮಾಡಿದ್ದು ಗಮನಾರ್ಹ ಸಂಗತಿಯೇ ಸರಿ.

ಆದರೆ ಯೀಸ್ಟಿಗೆ ನರವೂ ಇಲ್ಲ, ನೆನಪೂ ಇಲ್ಲ. ಕಾಯಿಲೆಯು ಮನುಷ್ಯರಲ್ಲಿ ಹೇಗೆ ಆರಂಭವಾಗುವುದೆಂದು ತಿಳಿಯಲು ಜನರನ್ನೇ ವರ್ಷಗಟ್ಟಲೆ ಗಮನಿಸಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ಮೇಲ್ಪಟ್ಟವರ ಇಂತಹ ದೀರ್ಘಾವಧಿ ಅಧ್ಯಯನವನ್ನು ಕೈಗೊಂಡಿದೆ.

ಯೀಸ್ಟ್ ಮಾತ್ರೆ ಸೇವನೆಯಿಂದ ಈ ಕಾಯಿಲೆ ಗುಣವಾಗುವುದಿಲ್ಲ. ಮನೆಯ ಹಿರಿಯರು ಪರಿಚಿತ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಪ್ಪುವುದು ಕಂಡುಬಂದಲ್ಲಿ "ವಯಸ್ಸಾಯಿತು" ಎಂದು ಬಿಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸತಕ್ಕದ್ದು. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಹಾಗೂ ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆಯುಂಟು, ತಡವಾದಷ್ಟೂ ನಷ್ಟ. ಬರುವಾಗ ಹಿರಿಯರು ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನು ತರುವುದು ಹಾಗೂ ಅವರೊಡನೆ ವಾಸವಿರುವ ಒಬ್ಬರು ಜೊತೆಗಿರುವುದು ಅಗತ್ಯ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ-ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567, ಎರಡೂ ಉಚಿತ.