ಬೈಲಕುಪ್ಪೆಗೆ ಬಂದವರು

ಹದಿಮೂರು ವರ್ಷಗಳ ಹಿಂದೆ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ನಾವು ನಾಲ್ವರು ಬೈಲಕುಪ್ಪೆಯ ಹತ್ತಿರದ ಒಂದು ಹೆಂಚಿನ ಮನೆಗೆ ಬಂದೆವು. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು. ಅನುವಾದ, ಕರಡು ತಿದ್ದುವುದು ಇಂಥವು ನನ್ನ ಕೆಲಸ. ಅದನ್ನು ಎಲ್ಲಿ ಕೂತಾದರೂ ಮಾಡಬಹುದು ಎಂಬ ಧೈರ್ಯವಿತ್ತು. ಕಡಿಮೆ ಸಾಮಾನು, ಕಡಿಮೆ ಖರ್ಚು, ಮನೆ ಹಿಂದೆ ಒಂದಿಷ್ಟು ತರಕಾರಿ, ಮಕ್ಕಳಿಗೆ ಓಡಾಡಲು ಮಣ್ಣಿನ ಅಂಗಳ. ಇಷ್ಟೇ ನಮ್ಮ ಯೋಜನೆ. ಗೆಳೆಯನೊಬ್ಬ ‘ದ್ವೀಪಕ್ಕೆ ಹೋಗ್ತಿದ್ದೀಯ, ದೋಣಿ ಇಟ್ಕೊಂಡಿರು’ ಎಂದು ನಕ್ಕಿದ್ದ. ಹಾಗೆ ನೋಡಿದರೆ ಅಲ್ಲಿ ನಿಜವಾದ ದ್ವೀಪವೂ ಒಂದಿದೆ. ಕಾವೇರಿ ದಾಟಿ ಕುಶಾಲನಗರದ ಆಚೆ ಹೋದರೆ ಬಿದಿರುಮೆಳೆಗಳ ನಡುವಿನ ನಿಸರ್ಗಧಾಮ. ಆದರೆ ಅದು ಭಾನುವಾರ ಟಿಕೆಟ್ ಕೊಂಡು ಹೋಗುವ ದ್ವೀಪ. ನಮಗೆ ಬೇಕಿದ್ದದ್ದು ಸೋಮವಾರವೂ ಇರಬಹುದಾದ ದ್ವೀಪ.

ಬಂದ ವಾರದಲ್ಲೇ ಮಗನಿಗೆ ಜ್ವರ, ಮೂರು ದಿನ ಕರೆಂಟಿಲ್ಲ, ಬಾವಿಯ ಮೋಟಾರು ಕೆಟ್ಟಿತು. ಕ್ಯಾಂಪಿನ ಕಡೆಯಿಂದ ದಿನಾ ನಮ್ಮ ಮನೆ ಮುಂದೆ ಹಾಲು ತರಲು ಹೋಗುತ್ತಿದ್ದ ಟಿಬೆಟಿನ ಅಜ್ಜಿಯೊಬ್ಬರು ಕೊಡಪಾನ ಹೊತ್ತ ನನ್ನನ್ನು ನೋಡಿ ನಿಂತರು. ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಎಂದೆಲ್ಲ ನಮ್ಮೂರಿನವರಂತೆಯೇ ವಿಚಾರಿಸಿದರು. ಬೆಂಗಳೂರು ಬಿಟ್ಟು ಬಂದೆವು ಎಂದಾಗ ಅವರ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. ‘ಅಯ್ಯೋ, ಯಾರು ಓಡಿಸಿದ್ರು?’ ಎಂದು ಕೇಳಿದರು.

ಯಾರೂ ಓಡಿಸಲಿಲ್ಲ ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಎಳೆ ಮಕ್ಕಳನ್ನು ಕಟ್ಟಿಕೊಂಡು ಇದ್ದ ಊರನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ಊರಿನ ಚರಿತ್ರೆ ಓದತೊಡಗಿದೆ.

ಬೈಲಕುಪ್ಪೆ ಇರುವುದು ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಮೈಸೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ. ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ ಬೆಳೆಯುವ ಸೀಮೆ. ಪಿರಿಯಾಪಟ್ಟಣ ಚಂಗಾಳ್ವರು ಆಳಿದ ಊರು. ಕೊಡಗಿಗೂ ಮೈಸೂರಿಗೂ ನಡುವಿನ ಬಾಗಿಲಿನಂತಿದ್ದ ಇಲ್ಲಿ ದಂಡುಗಳು ಬಂದು ಹೋಗುವುದು ಹೊಸತಲ್ಲ. ಆದರೆ 1960ರಲ್ಲಿ ಬಂದದ್ದು ದಂಡಲ್ಲ.

1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ಜನ ದಂಗೆಯೆದ್ದರು. ಒಂದು ವಾರದ ಬಳಿಕ, 17ರ ರಾತ್ರಿ, ದಲೈ ಲಾಮಾ ಅರಮನೆ ಬಿಟ್ಟರು. ಹಿಮದ ಕಣಿವೆಗಳನ್ನು ಹಾದು ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಕೆಲವು ವಾರಗಳಲ್ಲಿ ಹಿಂದಿರುಗಬಹುದೆಂದು ನಂಬಿ, ಮನೆಗೆ ಬೀಗ ಹಾಕಿ ಬಂದವರೇ ಅವರಲ್ಲಿ ಹೆಚ್ಚು. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರವೆದ್ದಿತು. ಭಿಕ್ಷುಗಳನ್ನು ಬಂಗಾಳದ ಬಕ್ಸಾ ಕೋಟೆಗೆ ಕಳಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಅಲ್ಲಿನ ಸೆಕೆಗೆ, ಕ್ಷಯಕ್ಕೆ ಎಷ್ಟೋ ಜನ ತೀರಿಕೊಂಡರು.

ಉಳಿದವರನ್ನು ಸರ್ಕಾರ ಹಿಮಾಲಯದ ಗಡಿ ರಸ್ತೆಗಳ ಕೆಲಸಕ್ಕೆ ಕಳಿಸಿತು. ತಂಪು ಹವೆಯಲ್ಲಾದರೂ ಇರಲಿ ಎಂಬುದು ಒಂದು ಕಾರಣ, ದಿನಗೂಲಿ ಸಿಗಲಿ ಎಂಬುದು ಇನ್ನೊಂದು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುವಾಗ ಮಕ್ಕಳನ್ನು ರಸ್ತೆ ಬದಿಯ ಡೇರೆಯಲ್ಲಿ ಬಿಟ್ಟಿರುತ್ತಿದ್ದರು. ಕೆಲಸ ಮುಂದೆ ಸಾಗಿದಂತೆ ಡೇರೆಯೂ ಮುಂದಕ್ಕೆ ಹೋಗುತ್ತಿತ್ತು. 1960ರ ಮೇ ತಿಂಗಳಲ್ಲಿ ಇಂಥ ಶಿಬಿರಗಳಿಂದ 51 ಮಕ್ಕಳನ್ನು, ರೋಗಿಗಳಾಗಿ ಸೊರಗಿದ ಸ್ಥಿತಿಯಲ್ಲಿ, ಧರ್ಮಶಾಲಾಕ್ಕೆ ಕರೆತಂದರು. ಅವರಿಗಾಗಿ ತೆರೆದ ಶಿಶುವಿಹಾರವೇ ಮುಂದೆ ಟಿಬೆಟನ್ ಮಕ್ಕಳ ದೊಡ್ಡ ಶಾಲಾ ಸಂಸ್ಥೆಯಾಗಿ ಬೆಳೆಯಿತು. ನಮ್ಮ ಅಜ್ಜಿಯೂ ಬಾಲ್ಯದ ಎರಡು ವರ್ಷ ರಸ್ತೆ ಡೇರೆಯಲ್ಲೇ ಕಳೆದವರು. ಬಂಡೆ ಸಿಡಿಸುವ ಮುನ್ನ ಊದುವ ಸೀಟಿಯ ಸದ್ದು ಅವರಿಗೆ ಚೆನ್ನಾಗಿ ನೆನಪಿದೆ. ಊರಿನ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದು ನೆನಪಿಲ್ಲ.

ಇವರನ್ನು ಒಂದು ಕಡೆ ನೆಲೆಗೊಳಿಸಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯ ಮೇಲೆ ಕೊಡಲು ಒಪ್ಪಿತು. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಆದರೆ ಟಿಬೆಟನ್ನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವ ಹೆಸರು ಎಸ್. ನಿಜಲಿಂಗಪ್ಪನವರದು. 1962ರಿಂದ 1968ರವರೆಗೆ, ಈ ವಸತಿ ಬೇರು ಬಿಡುತ್ತಿದ್ದ ಕಾಲದಲ್ಲಿ, ಅಧಿಕಾರದಲ್ಲಿದ್ದವರು ಅವರು. ಮುಂಡಗೋಡಿನ ಟಿಬೆಟನ್ ವಸತಿಯೂ ಅವರ ಕಾಲದ್ದೇ.

1960ರ ಕೊನೆಯ ಹೊತ್ತಿಗೆ ಮೊದಲ ತಂಡ ಬಂದಿಳಿಯಿತು. ಒಟ್ಟು 666 ಜನ. ತಲೆಗೊಂದು ಎಕರೆಯಂತೆ, ಮೂರು ಸಾವಿರ ಜನರವರೆಗೆ ಭೂಮಿ ಕೊಡುವುದೆಂದು ಲೆಕ್ಕ. ಕಾಗದದಲ್ಲಿ ಅದು ಭೂಮಿ, ಕಣ್ಣಿಗೆ ಕಂಡದ್ದು ಕಾಡು. ಡೇರೆ ಹಾಕಿ, ಕೊಡಲಿ ಹಿಡಿದು ಮರ ಕಡಿದು, ಬುಡ ಕಿತ್ತು, ಕೊಂಬೆಗಳನ್ನು ರಾಶಿ ಹಾಕಿ ಸುಡುವುದೇ ತಿಂಗಳುಗಟ್ಟಲೆ ಕೆಲಸ. ಲ್ಹಾಸಾ ಇರುವುದು ಸಮುದ್ರಮಟ್ಟದಿಂದ 3650 ಮೀಟರ್ ಎತ್ತರದಲ್ಲಿ, ಬೈಲಕುಪ್ಪೆ ಸುಮಾರು 850 ಮೀಟರಿನಲ್ಲಿ. ನಮಗೆ ತಂಪೆನಿಸುವ ಈ ಹವೆ ಅವರಿಗೆ ಬೆಂಕಿಯಾಗಿತ್ತು. ಅದರ ಮೇಲೆ ಸುಡುವ ಕಾಡಿನ ಝಳ ಬೇರೆ. ದಲೈ ಲಾಮಾ ಮೊದಲ ಸಲ ನೋಡಲು ಬಂದಾಗ ಅವರೆಲ್ಲ ಕಪ್ಪಾಗಿ, ಬಡಕಲಾಗಿ ಹೋಗಿದ್ದರಂತೆ. ಆತ್ಮಕಥೆಯಲ್ಲಿ ಅವರು ಅದನ್ನು ನೆನೆದಿದ್ದಾರೆ. ಇನ್ನೊಂದು ಸಂಕಟವೂ ಇತ್ತು. ಇರುವೆಯ ಮೇಲೂ ಕಾಲಿಡಬಾರದೆಂದು ಬೆಳೆದವರು, ಹಕ್ಕಿ ಹುಳಗಳಿದ್ದ ಕಾಡಿಗೆ ತಾವೇ ಬೆಂಕಿ ಇಡಬೇಕಿತ್ತು.

ಆ ಮೇಲೆ ಆನೆಗಳು. ನಾಗರಹೊಳೆಯ ಕಾಡಿಗೆ ಹತ್ತಿರದ ಈ ಸೀಮೆಯಲ್ಲಿ ಆನೆಗಳಿಗೆ ತಮ್ಮದೇ ಹಾದಿಗಳಿದ್ದವು. ಟಿಬೆಟನ್ನರು ಆನೆಯನ್ನು ಗೋಡೆಚಿತ್ರಗಳಲ್ಲಿ, ಮಂಗಳದ ಗುರುತಾಗಿ ಕಂಡಿದ್ದವರು. ಇಲ್ಲಿ ಅದೇ ಪ್ರಾಣಿ ಬೆಳೆ ತುಳಿದು, ಗುಡಿಸಲು ಮುರಿಯುತ್ತಿತ್ತು. ತಮಟೆ, ಡಬ್ಬ ಬಡಿದು, ಪಂಜು ಹಿಡಿದು ಓಡಿಸುವುದನ್ನು ಸುತ್ತಲಿನ ಹಳ್ಳಿಯವರಿಂದಲೇ ಕಲಿಯಬೇಕಾಯಿತು. ಟಿಬೆಟಿನಲ್ಲಿ ದನ ಕುರಿ ಮೇಯಿಸುತ್ತಿದ್ದವರು, ವ್ಯಾಪಾರಿಗಳು, ಭಿಕ್ಷುಗಳು ಎಲ್ಲರೂ ಇಲ್ಲಿ ರೈತರಾದರು. ಬಾರ್ಲಿಯ ಬದಲು ಮುಸುಕಿನ ಜೋಳ ಬಂತು, ಸ್ವಿಟ್ಜರ್ಲೆಂಡಿನ ನೆರವಿನಿಂದ ಟ್ರ್ಯಾಕ್ಟರು ಬಂತು, ಸಹಕಾರ ಸಂಘ ಬಂತು. ಮಳೆಗಾಲದ ಬೆಳೆಯೊಂದನ್ನೇ ನಂಬಿ ಬದುಕಲಾಗದೆಂದು ತಿಳಿದಾಗ, ಕೊಯ್ಲು ಮುಗಿಸಿ ಊರೂರಿಗೆ ಸ್ವೆಟರ್ ಮಾರಲು ಹೊರಟರು. ಚಳಿಗಾಲದಲ್ಲಿ ನಮ್ಮ ಪಟ್ಟಣಗಳ ರಸ್ತೆ ಬದಿಯಲ್ಲಿ ಸಾಲಾಗಿ ಕಾಣಿಸುತ್ತಿದ್ದ ಆ ಸ್ವೆಟರ್ ಅಂಗಡಿಗಳು ಯಾರಿಗೆ ತಾನೇ ನೆನಪಿಲ್ಲ?

ಭಿಕ್ಷುಗಳ ಕಥೆಯೂ ಇದರ ಜೊತೆಗೇ ನಡೆಯಿತು. 1963ರಲ್ಲಿ ಪೆನೋರ್ ರಿಂಪೋಚೆಯವರು ಕೈಬೆರಳೆಣಿಕೆಯ ಭಿಕ್ಷುಗಳೊಡನೆ, ಬಿದಿರಿನ ಚಪ್ಪರದಂಥ ಕಟ್ಟಡದಲ್ಲಿ ನಾಮ್ಡ್ರೋಲಿಂಗ್ ಮಠ ಆರಂಭಿಸಿದರು. ಇಂದು ಪ್ರವಾಸಿಗರು ಬಸ್ಸುಗಟ್ಟಲೆ ಬಂದು ನೋಡುವ ‘ಗೋಲ್ಡನ್ ಟೆಂಪಲ್’ ಅದೇ ಮಠದ್ದು, 1999ರಲ್ಲಿ ತೆರೆದದ್ದು. ಬಕ್ಸಾದ ಸೆರೆಮನೆಯಲ್ಲಿ ಉಳಿದುಕೊಂಡ ಸೇರಾ ಮಠದ ಭಿಕ್ಷುಗಳು 1970ರಲ್ಲಿ ಇಲ್ಲಿಗೆ ಬಂದರು. ಅವರೂ ಮೊದಲು ಹಿಡಿದದ್ದು ಗ್ರಂಥವನ್ನಲ್ಲ, ಗುದ್ದಲಿಯನ್ನು. 1969ರಲ್ಲಿ ‘ಡಿಕಿ ಲಾರ್ಸೋ’ ಎಂಬ ಎರಡನೆಯ ವಸತಿ ಪಕ್ಕದಲ್ಲೇ ಎದ್ದಿತು. ಇದಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಮುಂದೆ ಅದು ಕರ್ನಾಟಕದ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟಿ ಹೆಸರಾಯಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳ ಉಳಿತಾಯ ಪುಸ್ತಕದ ಹಿಂದೆ ಟಿಬೆಟನ್ನರ ಪುನರ್ವಸತಿಯ ಅನುಭವವೂ ಇದೆ ಎಂಬುದು ನನಗೆ ಇಲ್ಲಿ ಬಂದ ಮೇಲೆ ತಿಳಿದ ಸಂಗತಿ.

ಇಷ್ಟನ್ನು ಓದಿ ಇದೊಂದು ಸುಖಾಂತ್ಯದ ಕಥೆ ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ಟೀ ಅಂಗಡಿಯಲ್ಲಿ, ಪಕ್ಕದ ಹಳ್ಳಿಯ ಹಿರಿಯರೊಬ್ಬರು ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಿದರು. ‘ಕಾಡು ಅಂತ ಬರ್ಕೊಂಡವ್ರೆ ಸರಿ. ನಮ್ಮಪ್ಪ ದನ ಮೇಯಿಸ್ತಿದ್ದದ್ದೂ ಅಲ್ಲೇ’ ಎಂದರು. ಸಿಟ್ಟಿನಿಂದಲ್ಲ, ಲೆಕ್ಕ ತಿದ್ದುವವರ ಹಾಗೆ. ಆಮೇಲೆ ಅವರೇ, ಟಿಬೆಟಿನವರ ಹೊಲದಲ್ಲಿ ಕೂಲಿ ಮಾಡಿ ತಮ್ಮ ಮನೆಯಲ್ಲಿ ಎರಡು ಮದುವೆ ನಡೆದದ್ದನ್ನೂ ಹೇಳಿದರು.

ಇದೇ ಸೀಮೆಯಲ್ಲಿ, ಹೆಚ್ಚು ಕಡಿಮೆ ಇದೇ ವರ್ಷಗಳಲ್ಲಿ, ಇನ್ನಷ್ಟು ಜನ ಎತ್ತಂಗಡಿಯಾದರು. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಾಗ ಹಳ್ಳಿಗಳು ಮುಳುಗಿದವು. ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ಬಯಲೂ ನೀರಿನಡಿ ಸೇರಿತು. ಹುಲಿ ಯೋಜನೆ, ರಾಷ್ಟ್ರೀಯ ಉದ್ಯಾನ ಎಂದು ಕಾಡಿನ ಗಡಿ ಬಿಗಿಯಾದಂತೆ ಜೇನುಕುರುಬರು ತಮ್ಮ ಹಾಡಿಗಳಿಂದ ಹೊರಬಿದ್ದರು. ಕೆಲವರನ್ನು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಸಾಗಿಸಿದರು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟದ ಲೈನುಮನೆ ಸೇರಿದರು. ಹಿಮಾಲಯದಾಚೆಯಿಂದ ಬಂದವರಿಗೆ ತಲೆಗೊಂದು ಎಕರೆ, ಸಂಘ, ಶಾಲೆ, ವಿದೇಶದ ನೆರವು ಸಿಕ್ಕಿತು. ಕಾಡಿನಲ್ಲೇ ಹುಟ್ಟಿದವರಿಗೆ ತಮ್ಮ ಪೂರ್ವಿಕರ ಗೋರಿಗಳಿರುವ ಜಾಗಕ್ಕೆ ಹೋಗಲೂ ಅಪ್ಪಣೆ ಬೇಕಾಯಿತು. ಇದನ್ನು ಹೇಳುವುದು ಟಿಬೆಟನ್ನರಿಗೆ ಸಿಕ್ಕಿದ್ದು ಹೆಚ್ಚಾಯಿತು ಎನ್ನಲು ಅಲ್ಲ. ಮನಸ್ಸು ಮಾಡಿದರೆ ಸರ್ಕಾರ ಏನು ಮಾಡಬಲ್ಲದು ಎಂಬುದಕ್ಕೆ ಬೈಲಕುಪ್ಪೆ ಸಾಕ್ಷಿ. ಅದನ್ನು ಎಲ್ಲರಿಗೂ ಮಾಡಲಿಲ್ಲ ಎಂಬುದಕ್ಕೆ ಅದರ ಸುತ್ತಲಿನ ಕಾಡು ಸಾಕ್ಷಿ.

ಹಾಗೆಂದು ಸಿಕ್ಕಿದ್ದೆಲ್ಲ ಅವರ ಸ್ವಂತವೂ ಆಗಲಿಲ್ಲ. ಭೂಮಿ ಇಂದಿಗೂ ಗುತ್ತಿಗೆಯದು. ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪ್ರಮಾಣಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟವು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆಗ ಕ್ಯಾಂಪಿನ ಮನೆಮನೆಯಲ್ಲೂ ಚರ್ಚೆ. ಪೌರತ್ವ ಪಡೆದರೆ ಪಾಸ್‌ಪೋರ್ಟ್ ಸಿಗುತ್ತದೆ, ಬ್ಯಾಂಕ್ ಸಾಲ ಸುಲಭ. ಆದರೆ ‘ನಾವು ಹಿಂದಿರುಗುವವರು’ ಎಂಬ ಮಾತಿಗೆ ಏನರ್ಥ? ಒಂದೇ ಮನೆಯಲ್ಲಿ ಮಗ ಅರ್ಜಿ ಹಾಕಿದರೆ ಅಪ್ಪ ಅವನೊಡನೆ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ.

ನಮ್ಮ ಅಜ್ಜಿಯನ್ನು ಅಷ್ಟು ಹೊತ್ತಿಗೆ ನಮ್ಮ ಮಕ್ಕಳು ‘ಮೊಮೊ’ ಎಂದು ಕರೆಯಲು ಕಲಿತಿದ್ದರು. ಟಿಬೆಟನ್ನಿನಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ತಿನ್ನುವ ಮೊಮೊ ಬೇರೆ ಎಂದು ಎಷ್ಟು ಹೇಳಿದರೂ ಮಗ ಕರೆದು ಕರೆದು ನಗುತ್ತಿದ್ದ. ಒಮ್ಮೆ ನನ್ನ ತಾಯಿ ಊರಿನಿಂದ ರಾಗಿ ಹುರಿಹಿಟ್ಟು ತಂದಿದ್ದರು. ಬೆಲ್ಲ, ಹಾಲು ಹಾಕಿ ಕಲಸಿ ಅಜ್ಜಿಗೂ ಕೊಟ್ಟರು. ಅಜ್ಜಿ ಮೂಸಿ ನೋಡಿ, ಬೆಲ್ಲವನ್ನು ಪಕ್ಕಕ್ಕೆ ಸರಿಸಿ, ಒಣ ಹಿಟ್ಟು ಕೇಳಿ ಪಡೆದು, ಮನೆಯಿಂದ ಬೆಣ್ಣೆ ಚಹಾ ತಂದು, ಬಟ್ಟಲಲ್ಲಿ ಬೆರಳಿನಿಂದ ನಾದಿ ಉಂಡೆ ಮಾಡಿದರು. ಹುರಿದ ಬಾರ್ಲಿಯ ಹಿಟ್ಟು, ತ್ಸಂಪಾ, ಅವರ ಊರಿನ ದಿನನಿತ್ಯದ ಊಟ. ನನ್ನ ತಾಯಿ ಉಪ್ಪಿನ ಆ ಉಂಡೆಯನ್ನು ಬಾಯಿಗಿಟ್ಟು ಕಷ್ಟಪಟ್ಟು ನುಂಗಿದರು. ಆಮೇಲೆ ಇಬ್ಬರೂ ಹಿಟ್ಟು ಹುರಿಯುವ ಹದದ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಅಂದು ನನಗೊಂದು ವಿಷಯ ಹೊಳೆಯಿತು. ನಾವು ಸರಳ ಬದುಕು ಎಂದು ಹುಡುಕಿಕೊಂಡು ಬಂದದ್ದನ್ನು ಈ ಜನ ಎಂದೂ ಬಯಸಿರಲಿಲ್ಲ. ಡೇರೆ, ಸೌದೆ ಒಲೆ, ತಲೆಹೊರೆ ನೀರು ಇವೆಲ್ಲ ಅವರಿಗೆ ಆದಷ್ಟು ಬೇಗ ದಾಟಬೇಕಾದ ಸ್ಥಿತಿ. ಅವರು ದಾಟಿ ಕಟ್ಟಿದ್ದು ದೊಡ್ಡ, ತೊಡಕಿನ ಬದುಕನ್ನು: ಮಠ, ಆಸ್ಪತ್ರೆ, ಶಾಲೆ, ಸಂಘ, ಲೊಸಾರ್ ಹಬ್ಬ, ವರ್ಷಗಟ್ಟಲೆ ನಡೆಯುವ ತರ್ಕದ ಪಾಠ. ಕಳೆದುಕೊಂಡವರಿಗೆ ಬೇಕಾದದ್ದು ಕಡಿಮೆ ಮಾಡಿಕೊಳ್ಳುವುದಲ್ಲ, ಕೂಡಿಸಿಕೊಳ್ಳುವುದು. ಕಡಿಮೆ ಮಾಡಿಕೊಳ್ಳುವ ಆಸೆ ಹುಟ್ಟುವುದು ನಮ್ಮಂತೆ ಹಿಂದಿರುಗಲು ದಾರಿ ಇರುವವರಿಗೆ. ಮನಸ್ಸು ಬದಲಾದರೆ ಆರು ತಾಸಿನಲ್ಲಿ ನಮ್ಮನ್ನು ಬೆಂಗಳೂರಿಗೆ ಮುಟ್ಟಿಸುವ ಬಸ್ಸು ಕೊಪ್ಪದ ಗೇಟಿನಲ್ಲಿ ನಿಲ್ಲುತ್ತಿತ್ತು.

ಏಳು ವರ್ಷ ಅಲ್ಲಿದ್ದೆವು. ಸೋತು ಬಂದೆವೆಂದು ಹೇಳಲಾರೆ. ಮಕ್ಕಳು ಮಣ್ಣಿನಲ್ಲೇ ಬೆಳೆದರು, ಮಗ ಈಗಲೂ ಒಂದರಿಂದ ಹತ್ತರವರೆಗೆ ಟಿಬೆಟನ್ನಿನಲ್ಲಿ ಎಣಿಸುತ್ತಾನೆ. ಮಗಳು ಹೈಸ್ಕೂಲಿಗೆ ಬಂದಾಗ ಮೈಸೂರಿಗೆ ಮನೆ ಬದಲಿಸಿದೆವು. ಸಾಮಾನು ಲಾರಿಗೆ ಏರಿಸುವ ದಿನ ಅಜ್ಜಿ ಬಂದು ಜಗಲಿಯ ಮೇಲೆ ಕೂತರು. ಅವರ ಮನೆಯಲ್ಲೂ ಆಗ ಅವರೊಬ್ಬರೇ. ಮಗಳು ಕೆನಡಾದಲ್ಲಿ, ಮೊಮ್ಮಕ್ಕಳು ಅವಳ ಜೊತೆ. ಕ್ಯಾಂಪಿನ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಹೊಲಗಳನ್ನು ಶುಂಠಿ ಬೆಳೆಯುವವರಿಗೆ ಬಿಟ್ಟುಕೊಟ್ಟ ಮನೆಗಳು ಹೆಚ್ಚುತ್ತಿವೆ.

ಅವರು ಕೇಳುವ ಮೊದಲೇ ನಾನು ‘ಮಕ್ಕಳ ಓದಿಗೆ’ ಎಂದೆ.

‘ಹೂಂ, ನಮ್ಮವರೂ ಅದಕ್ಕೇ ಹೋದ್ರು’ ಎಂದರು. ಚೀಲದಿಂದ ಬಿಳಿಯ ಖಾತಾ ತೆಗೆದು ಮಕ್ಕಳಿಬ್ಬರ ಕೊರಳಿಗೆ ಹಾಕಿದರು. ಹೊರಡುವವರಿಗೂ ಬರುವವರಿಗೂ ಅವರು ಹಾಕುವುದು ಒಂದೇ ಬಟ್ಟೆ. ಲಾರಿ ತಿರುಗುವವರೆಗೂ ಅವರು ಜಗಲಿಯಲ್ಲೇ ಕೂತಿದ್ದರು. ಹಾಲಿನ ಕ್ಯಾನು ಪಕ್ಕದಲ್ಲಿತ್ತು.