ಕಡಲಿಗೆ ಬೆನ್ನು ಹಾಕಿದ ಊರು

ಮಗಳು ಮಿಲಾನಿನಲ್ಲಿ ಓದುತ್ತಿದ್ದಾಳೆ ಎಂಬ ನೆಪದಲ್ಲಿ ಕಳೆದ ಸೆಪ್ಟೆಂಬರಿನಲ್ಲಿ ನಾನೂ ನನ್ನಾಕೆಯೂ ಇಟಲಿಗೆ ಹೋಗಿಬಂದೆವು. ರೋಮು, ವೆನಿಸ್ಸುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ಆ ಗೊಡವೆಗೆ ನಾನು ಹೋಗುವುದಿಲ್ಲ. ಮುಂಬೈಗೆ ಮರಳಿ ತಿಂಗಳುಗಳಾದರೂ ನನ್ನ ತಲೆಯಿಂದ ಇಳಿಯದಿರುವುದು ಒಂದು ಪುಟ್ಟ ಊರು, ಕೊರ್ನೀಲ್ಯ.

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಲಿಗೂರಿಯಾ ಪ್ರಾಂತ್ಯದಲ್ಲಿ, ಚಿಂಕ್ವೆ ತೆರ್ರೆ ಎಂದು ಕರೆಯುವ ಐದು ಊರುಗಳಿವೆ. ನಾಲ್ಕು ಊರುಗಳು ಕಡಲಿಗೆ ಕಾಲು ಚಾಚಿ ಕೂತಿವೆ. ಐದರಲ್ಲಿ ನಡುವಿನದು ಕೊರ್ನೀಲ್ಯ. ಅದೊಂದು ಮಾತ್ರ ಸುಮಾರು ನೂರು ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲಿದೆ. ದೋಣಿ ಕಟ್ಟುವ ಬಂದರಿಲ್ಲ. ಮೂರು ದಿಕ್ಕಿಗೆ ದ್ರಾಕ್ಷಿ, ನಾಲ್ಕನೆಯದಕ್ಕೆ ನೇರ ಪ್ರಪಾತ, ಕೆಳಗೆ ನೀಲಿ ನೀರು.

ರೈಲು ನಿಲ್ಲುವುದು ಕೆಳಗೆ. ಅಲ್ಲಿಂದ ಊರಿಗೆ ಲಾರ್ದರೀನ ಎಂಬ ಇಟ್ಟಿಗೆಯ ಮೆಟ್ಟಿಲ ದಾರಿ, 382 ಮೆಟ್ಟಿಲು. ಸಣ್ಣ ಬಸ್ಸೂ ಇದೆ. ದಾದರ್ ಸ್ಟೇಷನ್ನಿನ ಸೇತುವೆ ಹತ್ತಿಳಿದು ಮೂವತ್ತು ವರ್ಷ ಪಳಗಿದ ಕಾಲು ಎಂಬ ಜಂಬದಲ್ಲಿ ನಾನು ಮೆಟ್ಟಿಲನ್ನೇ ಹಿಡಿದೆ. ನೂರೈವತ್ತು ಹತ್ತುವಷ್ಟರಲ್ಲಿ ಜಂಬ ಇಳಿಯಿತು. ನನ್ನಾಕೆ ಬಸ್ಸಿನಲ್ಲಿ ಮೊದಲೇ ಹೋಗಿ, ಮೇಲೆ ತಣ್ಣಗೆ ಕೂತು ನನ್ನ ದಾರಿ ಕಾಯುತ್ತಿದ್ದಳು.

ಇದು ಬೆಸ್ತರ ಊರಲ್ಲ, ಬೇಸಾಯದವರ ಊರು. ಮನೆಗಳ ಮುಖ ಕಡಲಿಗಿಲ್ಲ, ಓಣಿಗಿದೆ. ಉದ್ದಕ್ಕೆ ಒಂದೇ ಮುಖ್ಯ ಓಣಿ, ಅದಕ್ಕೆ ಫಿಯೆಸ್ಕಿ ಮನೆತನದ ಹೆಸರು. ಊರು ಒಮ್ಮೆ ಈ ಶ್ರೀಮಂತ ಮನೆತನದ ಕೈಯಲ್ಲಿತ್ತು, 1276ರಲ್ಲಿ ಜಿನೋವಾ ಗಣರಾಜ್ಯದ ಪಾಲಾಯಿತು. ಹದಿನಾಲ್ಕನೇ ಶತಮಾನದ ಸಂತ ಪೀಟರ್ ಚರ್ಚು ಊರಿನ ಬಾಗಿಲಲ್ಲೇ ಇದೆ. ಅದರ ಮುಂಗೋಡೆಯಲ್ಲಿ ಬಿಳಿ ಅಮೃತಶಿಲೆಯ ದುಂಡು ಕಿಟಕಿ, ನೋಡಲು ನಮ್ಮ ಹಬ್ಬದ ರಂಗೋಲಿಯ ಹಾಗೆ.

ರೋಮನ್ನರ ಕಾಲದಲ್ಲಿ ಕೊರ್ನೇಲಿಯಸ್ ಎಂಬವನ ಜಮೀನು ಇಲ್ಲಿತ್ತಂತೆ, ಅದರಿಂದಲೇ ಊರಿಗೆ ಈ ಹೆಸರಂತೆ. ಇಲ್ಲಿನ ವೈನ್ ತುಂಬಿದ ಮಣ್ಣಿನ ಹೂಜಿಗಳು ಪಾಂಪೆಯವರೆಗೆ ಹೋಗುತ್ತಿದ್ದವೆಂದೂ ಊರವರು ಹೇಳುತ್ತಾರೆ. ಯಾವ ಊರಿಗಾದರೂ ಒಂದು ಸ್ಥಳಪುರಾಣ ಬೇಕಲ್ಲ! ಆದರೆ ಹದಿನಾಲ್ಕನೇ ಶತಮಾನದ ಹೊತ್ತಿಗೆ ಇಲ್ಲಿನ ವೈನಿಗೆ ಹೆಸರಿತ್ತು ಎಂಬುದಕ್ಕೆ ಪುರಾಣ ಬೇಡ, ಬೊಕಾಚೊನ 'ಡೆಕಮೆರಾನ್' ಸಾಕು. ಅದರ ಹತ್ತನೇ ದಿನದ ಎರಡನೇ ಕಥೆಯಲ್ಲಿ ಗೀನೊ ದಿ ತಾಕ್ಕೊ ಎಂಬ ದರೋಡೆಕೋರ ಕ್ಲೂನಿ ಮಠದ ಧನಿಕ ಮಠಾಧಿಪತಿಯನ್ನು ಹಿಡಿದಿಡುತ್ತಾನೆ. ಹೊಟ್ಟೆನೋವಿಗೆ ಮದ್ದು ಹುಡುಕುತ್ತ ಬಿಸಿನೀರಿನ ಬುಗ್ಗೆಗೆ ಹೊರಟ ದೊಡ್ಡ ಮನುಷ್ಯ ಆತ. ಗೀನೊ ಅವನಿಗೆ ಕೊಡುವುದು ಎರಡು ಹೋಳು ಸುಟ್ಟ ಬ್ರೆಡ್ಡು, ಒಂದು ದೊಡ್ಡ ಲೋಟ ಕೊರ್ನೀಲ್ಯದ ವೆರ್ನಾಚ ವೈನು. ನೋವು ಮಾಯ! ಕೊನೆಗೆ ಮಠಾಧಿಪತಿಯೇ ಪೋಪರ ಬಳಿ ಕಳ್ಳನ ಪರ ಮಾತಾಡುತ್ತಾನೆ. ಲಂಘನದ ಪಥ್ಯಕ್ಕೆ ಹೊಟ್ಟೆ ವಾಸಿಯಾಯಿತೋ ವೈನಿಗೋ, ವೈದ್ಯರೇ ಹೇಳಬೇಕು.

ಈ ವೈನಿನ ಹಿಂದಿನ ಕಥೆ ಮಾತ್ರ ಹಗುರವಲ್ಲ. ಇಲ್ಲಿ ಬೆಳೆ ಬೆಳೆಯುವ ನೆಲವೇ ಇರಲಿಲ್ಲ, ನೆಲವನ್ನೇ ಮಾಡಿಕೊಂಡರು. ಸುಮಾರು ಸಾವಿರ ವರ್ಷಗಳ ಹಿಂದೆ ಶುರುವಾದ ಕೆಲಸ. ಕಡಿದಾದ ಗುಡ್ಡದಲ್ಲಿ ಕಾಡು ಕಡಿದು, ಬಂಡೆ ಒಡೆದು, ಸುಣ್ಣ ಗಾರೆ ಏನೂ ಇಲ್ಲದೆ ಬರಿಗಲ್ಲಿನ ಗೋಡೆ ಏರಿಸಿ, ಅದರ ಹಿಂದೆ ಬುಟ್ಟಿಗಟ್ಟಲೆ ಮಣ್ಣು ತುಂಬಿ, ತಟ್ಟಿನ ಮೇಲೆ ತಟ್ಟು ಮಾಡಿದರು. ಐದೂ ಊರುಗಳ ಗೋಡೆಗಳನ್ನು ಸಾಲಾಗಿ ಜೋಡಿಸಿದರೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ಎಂದು ಅಲ್ಲಿನವರ ಲೆಕ್ಕ. ಗಾರೆ ಹಾಕದ್ದು ಬಡತನಕ್ಕಲ್ಲ. ಮಳೆನೀರು ಕಲ್ಲಿನ ಸಂದಿಯಿಂದ ಸೋರಿ ಹೋಗಬೇಕು, ಇಲ್ಲದಿದ್ದರೆ ಒಳಗೆ ತುಂಬಿ ಗೋಡೆಯನ್ನೇ ತಳ್ಳುತ್ತದೆ. ಕಡಲ ಗಾಳಿಗೆ ಹೆದರಿ ಬಳ್ಳಿಯನ್ನು ಮೊಣಕಾಲೆತ್ತರದ ಚಪ್ಪರಕ್ಕೇ ಹಬ್ಬಿಸುತ್ತಿದ್ದರು, ಹಾಗಾಗಿ ಕೊಯ್ಲೆಂದರೆ ತೆವಳಿಕೊಂಡು ಹೋಗುವುದು. ಬುಟ್ಟಿ ಹೊರುತ್ತಿದ್ದವರು ಹೆಂಗಸರು. ಈಚಿನ ದಶಕಗಳಲ್ಲಿ ಒಂದೇ ಹಳಿಯ ಪುಟಾಣಿ ಗಾಡಿಗಳು ಬಂದಿವೆ. ಅದು ಗುಡುಗುಡು ಏರುವುದನ್ನು ನೋಡಿದರೆ ನಮಗೇ ಎದೆ ಝಲ್ಲೆನ್ನುತ್ತದೆ.

ಇಲ್ಲಿನ ಸಿಹಿ ವೈನಿಗೆ ಶಾಕೆತ್ರಾ ಎಂದು ಹೆಸರು. ಬೋಸ್ಕೊ, ಅಲ್ಬರೋಲ, ವೆರ್ಮೆಂತೀನೊ ಎಂಬ ಬಿಳಿ ದ್ರಾಕ್ಷಿಗಳನ್ನು ನೆರಳಲ್ಲಿ ಹರಡಿ ಒಣಗಿಸಿ, ನವೆಂಬರ್ ಬಂದ ಮೇಲೆಯೇ ಹಿಂಡಬೇಕು. 1973ರಿಂದ ಸರಕಾರದ ಮುದ್ರೆ ಇರುವ ಮಾಲು. ಒಣಗಿದ ಮೇಲೆ ಉಳಿಯುವ ರಸ ಅತ್ಯಲ್ಪ, ಬೆಲೆ ಅದಕ್ಕೆ ತಕ್ಕಂತೆ. ನಾನು ಕುಡಿಯುವವನಲ್ಲ, ಆದರೂ ಬಿಸ್ಕತ್ತಿನ ಜೊತೆ ಬಂದ ಹೆಬ್ಬೆರಳು ಗಾತ್ರದ ಗ್ಲಾಸನ್ನು ಬೇಡವೆನ್ನಲಿಲ್ಲ. ಜೇನು, ಒಣದ್ರಾಕ್ಷಿ, ಹಿಂದೆಯೇ ಸ್ವಲ್ಪ ಉಪ್ಪು.

ಹತ್ತಿರದ ಲಾ ಸ್ಪೆತ್ಸಿಯಾದಲ್ಲಿ 1869ರಲ್ಲಿ ನೌಕಾಪಡೆಯ ಕಾರ್ಖಾನೆ ತೆರೆಯಿತು. 1874ರಲ್ಲಿ ರೈಲು ಬಂತು. ಸಾವಿರ ವರ್ಷ ಗುಡ್ಡ ಕಾದವರ ಮಕ್ಕಳು ಬೆಳಿಗ್ಗೆ ರೈಲು ಹತ್ತಿ ಸಂಬಳದ ಕೆಲಸಕ್ಕೆ ಹೊರಟರು. ಯಾರು ಬೈದಾರು? ನಾನೂ ಹಾಗೆ ಬಸ್ಸು ಹತ್ತಿ ಬಂದವನೇ. ಮುಂದೆ ಬಳ್ಳಿಯ ಬೇರು ತಿನ್ನುವ ಫಿಲೊಕ್ಸೆರ ಹೇನು ಬಂದು ಉಳಿದವರ ಸೊಂಟ ಮುರಿಯಿತು. ಒಂದು ಕಾಲಕ್ಕೆ ಸಾವಿರ ಹೆಕ್ಟೇರಿಗೂ ಮೀರಿದ್ದ ದ್ರಾಕ್ಷಿ ಈಗ ಸುಮಾರು ನೂರಕ್ಕೆ ಇಳಿದಿದೆ. ಮಿಕ್ಕಿದ್ದನ್ನು ಕಾಡು ವಾಪಸು ತೆಗೆದುಕೊಂಡಿದೆ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪ್ರವಾಸಿಗರು ಲಕ್ಷಗಟ್ಟಲೆ ಬಂದರು, ಗೋಡೆ ಕಟ್ಟುವವರು ಮಾತ್ರ ಅಷ್ಟಾಗಿ ಬರಲಿಲ್ಲ.

ಗೋಡೆ ಬಿದ್ದರೆ ಏನಾಗುತ್ತದೆ ಎಂಬುದನ್ನು 2011ರ ಅಕ್ಟೋಬರ್ 25 ತೋರಿಸಿತು. ಆವೊತ್ತಿನ ಮಳೆಗೆ ಪಕ್ಕದ ವೆರ್ನಾತ್ಸಾ, ಮೊಂತೆರೊಸ್ಸೊಗಳ ಬೀದಿಗಳಲ್ಲಿ ಕೆಸರು, ಕಲ್ಲು ಮನೆಯೆತ್ತರ ತುಂಬಿಕೊಂಡಿತು. ಜೀವಗಳೂ ಹೋದವು. ನೆಲ ಹೆಚ್ಚು ಜರಿದದ್ದು ಬೇಸಾಯ ಬಿಟ್ಟ ತಟ್ಟುಗಳಲ್ಲಿ ಎಂದು ಆಮೇಲೆ ಅಧ್ಯಯನ ಮಾಡಿದವರು ಕಂಡುಕೊಂಡರು. ನಮ್ಮ ಕುಂದಾಪುರದ ಕಡೆಯ ಮನೆ ಹಿಂದಿನ ದರೆ ಜರಿದಾಗ ಅಜ್ಜಿ ಆಳು ಕರೆಸುವವರೆಗೂ ಊಟಕ್ಕೆ ಏಳುತ್ತಿರಲಿಲ್ಲ. ಆ ಸಿಟ್ಟು ನನಗೆ ಅರ್ಥವಾದದ್ದು ಇಲ್ಲಿ ನಿಂತಾಗ. ಅಂದ ಹಾಗೆ ಆ ದರೆ ಈಗ ಹೇಗಿದೆಯೆಂದು ನಾನು ನೋಡಿ ಆರು ವರ್ಷವಾಯಿತು.

ಊರಿನಿಂದ ಹೊರಟು ಕಾಲುದಾರಿಯಲ್ಲಿ ಸ್ವಲ್ಪ ನಡೆದಾಗ ಒಬ್ಬ ಮುದುಕ ಕುಸಿದ ಗೋಡೆಯ ಮುಂದೆ ಕೂತು ಕಲ್ಲು ವಿಂಗಡಿಸುತ್ತಿದ್ದ. ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ, ಸಂದಿಗೆ ತುರುಕುವ ಚೂರುಗಳು ತಗಡಿನ ಡಬ್ಬಿಯಲ್ಲಿ. ಒಂದು ಕಲ್ಲನ್ನು ಮೂರು ಮಗ್ಗುಲಿಗೆ ತಿರುಗಿಸಿ ನೋಡಿ, ಸರಿಬಾರದೆ ಕೆಳಗಿಟ್ಟ. ಸಹಾಯಕ್ಕೆ ಯಾರೂ ಇಲ್ಲವೇ ಎಂದು ಮಗಳಿಂದ ಕೇಳಿಸಿದೆ. ಆತ ಕೆಳಗೆ ರೈಲಿನ ಸುರಂಗದ ಕಡೆ ಕೈ ತೋರಿಸಿ ಏನೋ ಹೇಳಿದ.

"ಮಗ ಸ್ಪೆತ್ಸಿಯಾದಲ್ಲಿದ್ದಾನಂತೆ ಅಪ್ಪಾ, ಶನಿವಾರ ಬರ್ತಾನಂತೆ," ಎಂದಳು ಮಗಳು.

ಆತ ಇನ್ನೊಂದು ಕಲ್ಲು ಎತ್ತಿಕೊಂಡ.